ಕಡಲಿನಲ್ಲಿರುವ ಕಂಟೇನರಿಗೆ ಸಂಕ್ರಾಂತಿಯ ಕಿಚ್ಚು ಹಾಯಿಸುವ ಬಗ್ಗೆ

ಉಪವಿಭಾಗ ಕಚೇರಿ, ಹುಣಸೂರು
(ಇಲಾಖೆಯ ಹೆಸರುಳ್ಳ ಮೊಹರು ದುರಸ್ತಿಗೆ ಹೋಗಿರುವುದರಿಂದ ಹೆಸರನ್ನು ನಮೂದಿಸಿಲ್ಲ)

ಸಂಖ್ಯೆ: ಹು.ಉ.ವಿ/ಕಂ.ಎ/ಕಿಚ್ಚು/12/2024-25
ದಿನಾಂಕ: 11-02-2025

ಘಟನೋತ್ತರ ಸುತ್ತೋಲೆ

ವಿಷಯ: ಎತ್ತಿನ ಬದಲಿಗೆ ಹಿಡಿಯಲಾದ ಹಡಗಿನ ಕಂಟೇನರನ್ನು ಕೊಟ್ಟಿಗೆಯ ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗೂ ಅದಕ್ಕೆ ಹಬ್ಬದ ದಿನ ಕಿಚ್ಚು ಹಾಯಿಸುವ ಕುರಿತು.

ಉಲ್ಲೇಖ:
1. ಕಟ್ಟೆಮಳಲವಾಡಿಯ ಶ್ರೀಮತಿ ಸರ್ವಮಂಗಳ, ಗಂಡ ಪುಟ್ಟಮಲ್ಲಪ್ಪ, ಇವರು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿದ ಪ್ರಶ್ನೆ.
2. ಅದೇ ಸಭೆಯಲ್ಲಿ ಅವರನ್ನು ಕೂರಿಸಿದ ಮೇಲೂ ಕೇಳಿದ ಪ್ರಶ್ನೆ.
3. ಹುಣಸೂರು ಪಟ್ಟಣದ ಬಡಗಿ ಶ್ರೀ ರಜಾಕ್ ಅವರ ಮನವಿ (ಬೀರು ಮಾರಿದ ರಸೀದಿಯ ಹಿಂಭಾಗದಲ್ಲಿ ಬರೆದದ್ದು).
4. ಕ್ಷೇತ್ರ ಸಹಾಯಕ ಶ್ರೀ ಸೋಮಶೇಖರ್ ಅವರ ಸ್ಥಳ ಪರಿಶೀಲನಾ ವರದಿ, ಮತ್ತು ಮರುದಿನ ಅವರೇ ಸಲ್ಲಿಸಿದ ತಿದ್ದುಪಡಿ.

ಪ್ರಸ್ತಾವನೆ:

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳ ಆಡಳಿತದಲ್ಲಿ ಇದುವರೆಗೆ ಉದ್ಭವಿಸದ, ಇನ್ನು ಮುಂದೆಯೂ ಉದ್ಭವಿಸಬಾರದೆಂದು ಇಲಾಖೆ ಆಶಿಸುವ ಅತಿ ಗಂಭೀರ ವಿಷಯವೊಂದು ಕಟ್ಟೆಮಳಲವಾಡಿಯಲ್ಲಿ ಉದ್ಭವಿಸಿತ್ತು. ಒಂದು ಕೊಟ್ಟಿಗೆಯಲ್ಲಿ ಎರಡು ಗೂಟಗಳು ಖಾಲಿ ಇದ್ದವು.

ಸದರಿ ಗೂಟಗಳಲ್ಲಿದ್ದ ಮಾಸ ಮತ್ತು ಕೆಂದ ಎಂಬ ಜೋಡಿ ಎತ್ತುಗಳನ್ನು ಶ್ರೀ ಪುಟ್ಟಮಲ್ಲಪ್ಪನವರು ಹೋದ ವರ್ಷ ಚುಂಚನಕಟ್ಟೆಯ ದನದ ಜಾತ್ರೆಯಲ್ಲಿ ಮಾರಿದರು. ಉಳುಮೆಗೆ ಟ್ರ್ಯಾಕ್ಟರ್ ಬರುತ್ತದೆ, ಎತ್ತುಗಳು ಕೂತು ತಿನ್ನುತ್ತವೆ ಎಂಬುದು ಅವರ ವಾದವಾಗಿತ್ತು. ಹಣವನ್ನು ಒಳಜೇಬಿಗೆ ಹಾಕಿಕೊಂಡು ಹಿಂದಿರುಗುವಾಗ ಅವರು ಹುಣಸೂರಿನಲ್ಲಿ ಬಸ್ಸಿಳಿದು, ಹಳೆಯ ಸ್ನೇಹಿತರಾದ ರಜಾಕ್ ಅವರ ಅಂಗಡಿಯಲ್ಲಿ ಟೀ ಕುಡಿದರು. ಆ ಟೀ ಕುಡಿಯದಿದ್ದಲ್ಲಿ ಈ ಸುತ್ತೋಲೆಯ ಅಗತ್ಯ ಬೀಳುತ್ತಿರಲಿಲ್ಲ.

ರಜಾಕ್ ಅವರು ಮೊಬೈಲಿನಲ್ಲಿ ಒಂದು ಕಂಪನಿಯ ವ್ಯವಹಾರವನ್ನು ತೋರಿಸಿದರು. ಬ್ಯಾಂಕಿನ ಮಧ್ಯಸ್ಥಿಕೆ ಇಲ್ಲದೆ ಜನರೇ ಸೇರಿ ಹಡಗಿನ ವ್ಯಾಪಾರದವರಿಗೆ ಸಾಲ ಕೊಡುವುದು, ಆ ಸಾಲಕ್ಕೆ ಒಂದು ಕಬ್ಬಿಣದ ಕಂಟೇನರನ್ನು ಈಡಾಗಿ ಇಟ್ಟುಕೊಳ್ಳುವುದು, ಕಂಟೇನರು ದುಡಿದಂತೆ ತಿಂಗಳು ತಿಂಗಳು ಬಡ್ಡಿ ಪಡೆಯುವುದು, ಇದಿಷ್ಟು ಸದರಿ ವ್ಯವಹಾರ. ರಜಾಕ್ ಅವರು ಇದನ್ನು ವಿವರಿಸಿದ ರೀತಿಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಮೇವು ಬ್ಯಾಡ, ನೀರು ಬ್ಯಾಡ, ಸಗಣಿ ಬಾಚೋ ಅಂಗಿಲ್ಲ. ಅದು ದೇಶ ತಿರುಗ್ತದೆ, ನಾವು ಕುಂತಿರೋದು. ಸಾಲ ಈಸ್ಕಂಡೋನು ಕೈ ಎತ್ತುದ್ರೂ ಪೆಟ್ಗೆ ನಮ್ದೇ ಕಣಣ್ಣ."

ಟೀ ಮುಗಿಯುವಷ್ಟರಲ್ಲಿ ಇಪ್ಪತ್ತು ಅಡಿ ಉದ್ದದ ಕಂಟೇನರೊಂದರಲ್ಲಿ ಹನ್ನೆರಡು ಅಡಿ ಪುಟ್ಟಮಲ್ಲಪ್ಪನವರದ್ದಾಗಿತ್ತು. ಆರು ಅಡಿ ಮೊದಲೇ ರಜಾಕ್ ಅವರದಿತ್ತು. ಉಳಿದೆರಡು ಅಡಿ ಯಾರದೆಂದು ಕಂಪನಿ ತಿಳಿಸಿಲ್ಲ.

ಮನೆಗೆ ಬಂದು ಅವರು ಪತ್ನಿಗೆ ಹೇಳಿದ್ದು, "ಎತ್ತು ಮಾರಿ ಕಂಟೇನರ್ ಹಿಡ್ದಿವ್ನಿ ಕಣೆ." ಸರ್ವಮಂಗಳ ಅವರ ಉತ್ತರ: "ಹಿಡ್ದಿದ್ರೆ ತಂದು ಕಟ್ಟಿ. ಗೂಟ ಯಾಕೆ ನನ್ನ ಮೊಕ ನೋಡ್ತಾ ಅದೆ?"

ಆ ದಿನದಿಂದ ಸುಮಾರು ಒಂದು ವರ್ಷ ಸರ್ವಮಂಗಳ ಅವರು ದಿನವೂ ಬೆಳಿಗ್ಗೆ ಖಾಲಿ ಕೊಟ್ಟಿಗೆಯನ್ನು ಗುಡಿಸಿದ್ದಾರೆ. ಅವರು ಮದುವೆಯಾಗಿ ಬಂದ ಮೇಲಿನ ಮೂವತ್ತೆಂಟು ಸಂಕ್ರಾಂತಿಗಳಲ್ಲಿಯೂ ಅವರ ಬೀದಿಯ ಕಿಚ್ಚನ್ನು ಮೊದಲು ಹಾಯ್ದದ್ದು ಅವರ ಮನೆಯ ಜೋಡಿಯೇ. ಈ ಸಲ ಮೊದಲು ಹಾಯುವುದು ಯಾವುದು ಎಂಬುದೇ ಉಲ್ಲೇಖ (1)ರ ಪ್ರಶ್ನೆ. ಹಾಯದಿದ್ದರೆ ತಾವು ಅಂದು ಬೀದಿಗೆ ಇಳಿಯುವುದು ಹೇಗೆ ಎಂಬುದು ಉಲ್ಲೇಖ (2).

ಪುಟ್ಟಮಲ್ಲಪ್ಪನವರಿಗೆ ಮಾತ್ರ ಚಿಂತೆ ಇರಲಿಲ್ಲ. ಮೊಬೈಲಿನ ನಕ್ಷೆಯನ್ನು ತೆರೆದಾಗಲೆಲ್ಲ ಒಂದು ನೀಲಿ ಚುಕ್ಕೆ ಕಾಣುತ್ತಿತ್ತು. ಅದೇ ತಮ್ಮ ಕಂಟೇನರೆಂದು ಅವರು ತಿಳಿದಿದ್ದರು. "ನನ್ನ ಹಿಂದೇನೇ ಬತ್ತದೆ ಕಣೆ. ಕೆ.ಆರ್.ನಗರಕ್ಕೆ ಹೋದ್ರೆ ಅಲ್ಲಿಗೂ ಬತ್ತದೆ, ಹೊಲಕ್ಕೆ ಹೋದ್ರೆ ಹೊಲಕ್ಕೂ ಬತ್ತದೆ. ಕರು ಬಂದಂಗೆ ಬತ್ತದೆ" ಎಂದು ಅವರು ಹೇಳಿರುತ್ತಾರೆ. ವೀರನಹೊಸಹಳ್ಳಿಯ ನೆಂಟರ ಮನೆಗೆ ಹೋದಾಗ ಕಾಡಿನ ಗೇಟಿನ ಬಳಿ ನಿಂತು, "ನಂದೊಂದು ಹಿಂದೆ ಬತ್ತಾ ಅದೆ, ಗೇಟ್ ಹಾಕ್ಬೇಡಿ" ಎಂದು ಕಾವಲಿನವರನ್ನು ಅರ್ಧ ಗಂಟೆ ಕಾಯಿಸಿದ್ದೂ ಕಡತದಲ್ಲಿದೆ. ಇದಕ್ಕೆ ಸರ್ವಮಂಗಳ ಅವರು, "ಹಿಂದೆ ಬತ್ತಿದ್ರೆ ಒಂದ್ಸಲ ನಿಂತು ತಿರುಗಿ ನೋಡಿ. ಊರೆಲ್ಲ ನೋಡಾಯ್ತು, ನೀವೊಬ್ರೇ ಬಾಕಿ" ಎಂದಿದ್ದಾರೆ.

ಸೋಮಶೇಖರ್ ಅವರು ದಿನಾಂಕ 06-01-2025ರಂದು ಪಂಚರ ಸಮಕ್ಷಮ ಸ್ಥಳ ಪರಿಶೀಲನೆ ನಡೆಸಿ, "ಚುಕ್ಕೆಯು ಎಡಗಡೆಯ ಗೂಟದ ಮೇಲೆಯೇ ಇದೆ, ವಸ್ತು ಕಂಡುಬರುವುದಿಲ್ಲ" ಎಂದು ವರದಿ ಮಾಡಿದರು. ಮರುದಿನ ಸಹಪಾಲುದಾರರಾದ ರಜಾಕ್ ಅವರನ್ನು ಕರೆಸಿ ಕೇಳಲಾಗಿ, ಅವರು ಮೊಬೈಲನ್ನು ಒಮ್ಮೆ ನೋಡಿ, ಪುಟ್ಟಮಲ್ಲಪ್ಪನವರನ್ನು ಒಮ್ಮೆ ನೋಡಿ, "ಅಣ್ಣ, ನೀಲಿ ಚುಕ್ಕೆ ನೀವೇ ಕಣಣ್ಣ" ಎಂದರು. ಬಳಿಕ ನಕ್ಷೆಯನ್ನು ಬೆರಳಿನಿಂದ ಬಹಳ ದೂರ ಎಳೆದು, ಕೊಲಂಬೊ ದಾಟಿದ ನೀರಿನಲ್ಲಿ ಒಂದು ಸಣ್ಣ ಕೆಂಪು ಪೆಟ್ಟಿಗೆಯನ್ನು ತೋರಿಸಿದರು. ಪುಟ್ಟಮಲ್ಲಪ್ಪನವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಎಷ್ಟು ಹೊತ್ತು ಎಂಬುದನ್ನು ಕ್ಷೇತ್ರ ಸಹಾಯಕರು ನಮೂದಿಸಿಲ್ಲ. ಈ ಬಗ್ಗೆ ಅವರಿಂದ ವಿವರಣೆ ಕೇಳಲಾಗಿದೆ.

ಹಬ್ಬಕ್ಕೆ ಏಳು ದಿನ ಉಳಿದಿರುವಾಗ ಇಷ್ಟು ದೂರದ ಆಸ್ತಿಯ ಬಗ್ಗೆ ಮಾರ್ಗದರ್ಶನ ಕೋರಿ ಕಡತ ಮಂಡಿಸಲಾಯಿತು. ಅದು ಎಲ್ಲ ಮೇಜುಗಳನ್ನೂ ಹಾದು ಬಂದಿರುವುದರಿಂದ ಈಗ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ.

1. ಈ ಸುತ್ತೋಲೆಯು ದಿನಾಂಕ 13-01-2025ರಿಂದ, ಅಂದರೆ ಹಬ್ಬದ ಹಿಂದಿನ ದಿನದಿಂದ, ಜಾರಿಗೆ ಬಂದಿರುತ್ತದೆ. ಹಬ್ಬ ಮುಗಿದುಹೋಗಿದೆ ಎಂಬುದು ಇದನ್ನು ಪಾಲಿಸದಿರಲು ಕಾರಣವಾಗತಕ್ಕದ್ದಲ್ಲ.

2. ಎತ್ತು ಮಾರಿದ ಹಣದಲ್ಲಿ ಹಿಡಿದ ಕಂಟೇನರನ್ನು ಪಾಲಿಗೆ ಬಿಟ್ಟ ಎತ್ತು ಎಂದು ಪರಿಗಣಿಸತಕ್ಕದ್ದು. ಎರಡು ಬಾಗಿಲುಗಳಿರುವುದರಿಂದ ಅದನ್ನು ಜೋಡಿ ಎಂದು ತಿಳಿಯತಕ್ಕದ್ದು.

3. ಜಾನುವಾರುಗಳ ಕಿವಿಗೆ ಓಲೆ ಹಾಕುವುದು ಕಡ್ಡಾಯವಾಗಿದ್ದರೂ, ಕಂಪನಿ ಕಳುಹಿಸಿದ ಛಾಯಾಚಿತ್ರದಲ್ಲಿ ನಾಲ್ಕೂ ಬದಿಯಿಂದ ಹುಡುಕಿದಾಗ್ಯೂ ಕಿವಿ ಪತ್ತೆಯಾಗಿಲ್ಲ. ಆದ್ದರಿಂದ ಬಾಗಿಲ ಮೇಲೆ ಬರೆದಿರುವ ಸಂಖ್ಯೆಯನ್ನೇ ಓಲೆ ಎಂದು ಒಪ್ಪಲಾಗಿದೆ.

4. ತಿಂಗಳು ತಿಂಗಳು ಬರುವ ಬಡ್ಡಿಯನ್ನು ಹಾಲಿನ ಬಟವಾಡೆ ಎಂದು ತೋರಿಸುವಂತಿಲ್ಲ. ನಿಯಮ 2ರಂತೆ ಸದರಿ ಕಂಟೇನರು ಎತ್ತು. ಎತ್ತು ಹಾಲು ಕರೆದಿದೆ ಎಂದು ಬರೆದುಕೊಂಡರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ.

5. ರಜಾಕ್ ಅವರು ತಮ್ಮ ಆರು ಅಡಿಯನ್ನು ಬಾಗಿಲ ಕಡೆಯಿಂದ ಅಳೆಯಬೇಕೆಂದು ಕೋರಿದ್ದಾರೆ. "ಬಾಗ್ಲು ನಿಂದಾದ್ರೆ ನನ್ ಪಾಲಿಗೆ ನಾನು ತಗಡು ಕುಯ್ಕೊಂಡ್ ಹೋಗ್ಲೇನಪ್ಪ" ಎಂದು ಪುಟ್ಟಮಲ್ಲಪ್ಪನವರು ಆಕ್ಷೇಪಿಸಿದ್ದಾರೆ. ಕಂಟೇನರು ಹುಣಸೂರಿಗೆ ಬರುವವರೆಗೆ ಬಾಗಿಲನ್ನು ಇಬ್ಬರೂ ತೆರೆಯತಕ್ಕದ್ದಲ್ಲ.

6. ಹನ್ನೆರಡು ಮತ್ತು ಆರು, ಒಟ್ಟು ಹದಿನೆಂಟು ಅಡಿಗೆ ಮಾತ್ರ ಕಿಚ್ಚು ಹಾಯಿಸತಕ್ಕದ್ದು. ಉಳಿದೆರಡು ಅಡಿಯ ಪಾಲುದಾರರ ಮನೆಯಲ್ಲಿ ಕಿಚ್ಚಿನ ಪದ್ಧತಿ ಇದೆಯೋ ಇಲ್ಲವೋ ತಿಳಿದುಬಂದಿಲ್ಲ. ಸದರಿ ಎರಡು ಅಡಿಗೆ ಒದ್ದೆ ಗೋಣಿಚೀಲ ಸುತ್ತಿ, ಬಿಸಿ ತಾಗಿಲ್ಲವೆಂದು ಪಂಚರು ಮುಟ್ಟಿ ನೋಡಿ ಸಹಿ ಮಾಡತಕ್ಕದ್ದು.

7. ಹಬ್ಬದ ಬೆಳಿಗ್ಗೆ ಮೈ ತೊಳೆಯುವ ಬಗ್ಗೆ: ಕಂಟೇನರು ಈಗಾಗಲೇ ನೀರಿನಲ್ಲಿರುವುದರಿಂದ ತೊಳೆದಂತೆ ಭಾವಿಸಲಾಗಿದೆ. ಕೊಂಬಿಗೆ ಬಣ್ಣ ಬಳಿಯುವ ಬಗ್ಗೆ: ಎಂಟು ಮೂಲೆಗಳಿಗೆ ಬಳಿಯತಕ್ಕದ್ದು. ಎಂಟು ಕೊಂಬಿನ ಎತ್ತಿಗೆ ಹೆಚ್ಚುವರಿ ಬಣ್ಣದ ಅನುದಾನ ಇರುವುದಿಲ್ಲ.

8. ಕಂಟೇನರು ಖುದ್ದಾಗಿ ಹಾಜರಾಗದಿದ್ದಲ್ಲಿ ಅದರ ಪರವಾಗಿ ಚಿತ್ರವನ್ನು ಕಿಚ್ಚು ಹಾಯಿಸಬಹುದು. ಚಿತ್ರ ಮೊಬೈಲಿನಲ್ಲಿದ್ದರೆ ಮೊಬೈಲನ್ನು ಹಾಯಿಸಬಹುದು. ಮೊಬೈಲಿಗೆ ಕಾಲುಗಳಿಲ್ಲವಾದ್ದರಿಂದ ಅದನ್ನು ಹಿಡಿದವರು ಹಾಯಬಹುದು. ಹಾಗೆ ಹಾಯುವವರನ್ನು ಆ ಹೊತ್ತಿನ ಮಟ್ಟಿಗೆ ಕಂಟೇನರು ಎಂದೂ, ನಿಯಮ 2ರೊಂದಿಗೆ ಓದಿಕೊಂಡಂತೆ ಎತ್ತು ಎಂದೂ ಪರಿಗಣಿಸತಕ್ಕದ್ದು.

9. ನಕ್ಷೆಯಲ್ಲಿ ಕಾಣುವ ನೀಲಿ ಚುಕ್ಕೆಯನ್ನು ಯಾರೂ ತಮ್ಮ ಆಸ್ತಿಯೆಂದು ಘೋಷಿಸತಕ್ಕದ್ದಲ್ಲ. ಇಲಾಖೆಯ ನೌಕರರು ತಮ್ಮ ತಮ್ಮ ಮೊಬೈಲಿನಲ್ಲಿ ಪರಿಶೀಲಿಸಿದಾಗ ಎಲ್ಲರಿಗೂ ಒಂದೊಂದು ಕಂಡುಬಂದಿದೆ.

ಅನುಪಾಲನಾ ವರದಿ:

ನಿಯಮಗಳು ಹೊರಡುವುದಕ್ಕೆ ಮುನ್ನವೇ ನಿಯಮ 8 ಪಾಲನೆಯಾಗಿದೆ. ದಿನಾಂಕ 14-01-2025ರ ಸಂಜೆ ಬೀದಿಯಲ್ಲಿ ಹುಲ್ಲು ಹರಡಿ ಬೆಂಕಿ ಇಟ್ಟಾಗ, ಮೂವತ್ತೆಂಟು ವರ್ಷದ ವಾಡಿಕೆಯಂತೆ ಊರಿನವರು ಪುಟ್ಟಮಲ್ಲಪ್ಪನವರ ಜೋಡಿಗೆ ಮೊದಲ ದಾರಿ ಬಿಟ್ಟು ನಿಂತರು. ಜೋಡಿ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ತಮ್ಮ ದನವನ್ನು ಮುಂದಕ್ಕೆ ಬಿಡಲಿಲ್ಲ. ಸರ್ವಮಂಗಳ ಅವರು ಬಾಗಿಲಲ್ಲಿ ನಿಂತಿದ್ದರು, ಮೆಟ್ಟಿಲಿಳಿದಿರಲಿಲ್ಲ. ಪುಟ್ಟಮಲ್ಲಪ್ಪನವರು ಅವರನ್ನು ನೋಡಿದರು, ಪಂಚೆಯನ್ನು ಮೇಲಕ್ಕೆ ಕಟ್ಟಿದರು, ಕಂಟೇನರಿನ ಚಿತ್ರ ತೆರೆದ ಮೊಬೈಲನ್ನು ಎದೆಗೆ ಅವುಚಿಕೊಂಡು ಅರವತ್ತಾರನೇ ವಯಸ್ಸಿನಲ್ಲಿ ಕಿಚ್ಚು ಹಾಯ್ದರು. ಪಂಚೆಯ ಬಲ ಅಂಚು ನಾಲ್ಕು ಬೆರಳಷ್ಟು ಸುಟ್ಟಿದೆ. ಮೊಬೈಲಿಗೆ ಹಾನಿ ಇಲ್ಲ. ಒದ್ದೆ ಗೋಣಿಚೀಲ ಬಳಸದಿರುವುದನ್ನು ಇಲಾಖೆ ಗಂಭೀರವಾಗಿ ಪರಿಗಣಿಸಿದೆ.

ಸರ್ವಮಂಗಳ ಅವರು ಆಗ ಬೀದಿಗೆ ಇಳಿದು ಬಂದು, ಪಂಚೆಯ ಕಿಡಿಯನ್ನು ಕೈಯಿಂದ ಹೊಸಕಿ, "ಎತ್ತೊಂದು ಹಾಯ್ದಿದ್ದು ಕಂಡೆ ಬುಡಿ. ಕಂಟೇನರ್ ಕಾಣ್ನಿಲ್ಲ" ಎಂದರು. ಬೀದಿ ನಕ್ಕಿತು. ಪುಟ್ಟಮಲ್ಲಪ್ಪನವರೂ ನಕ್ಕರೆಂದು ಪಂಚರಲ್ಲಿ ಒಬ್ಬರು, ಇಲ್ಲವೆಂದು ಇನ್ನೊಬ್ಬರು ಹೇಳಿಕೆ ನೀಡಿದ್ದಾರೆ.

ಮರುದಿನ ಬೆಳಿಗ್ಗೆ ಪುಟ್ಟಮಲ್ಲಪ್ಪನವರು ಮೊದಲ ಬಸ್ಸಿಗೆ ಹುಣಸೂರಿಗೆ ಹೋಗಿ, "ಎರಡು ಮೂತಿ ಇಲ್ದೆ ಕೊಟ್ಗೆ ಬಣಬಣ ಅಂತದೆ ಕಣಪ್ಪ. ತಗೊ ನಿನ್ ಹನ್ನೆರಡಡಿ, ಬಾಗ್ಲೂ ಸೇರ್ಸಿ" ಎಂದರು. ರಜಾಕ್ ಅವರು ಮೊಬೈಲಿನಲ್ಲಿ ಮೂರು ಸಲ ಒತ್ತಿ ಅದನ್ನು ತಮ್ಮ ಹೆಸರಿಗೆ ಮಾಡಿಕೊಂಡು, ಹಣ ಕೊಟ್ಟು, ಟೀ ತರಿಸಿದರು. ಪುಟ್ಟಮಲ್ಲಪ್ಪನವರು ಟೀ ಕುಡಿಯಲಿಲ್ಲ. ಅದರ ಮಾರನೆಯ ದಿನ, ದನದ ಜಾತ್ರೆ ಕರಗುವ ಮುಂಚೆ, ಗಂಡ ಹೆಂಡತಿ ಇಬ್ಬರೂ ಚುಂಚನಕಟ್ಟೆಗೆ ಹೋಗಿದ್ದರು. ಎತ್ತುಗಳ ಹಲ್ಲು ನೋಡಿದ್ದು ಗಂಡ, ಬೆಲೆ ಕಟ್ಟಿದ್ದು ಹೆಂಡತಿ.

ಪ್ರಸ್ತುತ ಎರಡೂ ಗೂಟಗಳು ಭರ್ತಿಯಾಗಿವೆ. ಕಂಟೇನರು ಕಡಲಿನಲ್ಲಿದೆ. ನೀಲಿ ಚುಕ್ಕೆಯು ದಿನವೂ ಬೆಳಿಗ್ಗೆ ಕೊಟ್ಟಿಗೆಯಿಂದ ಹೊರಟು, ಕೆರೆಗೆ ಹೋಗಿ, ಎತ್ತುಗಳು ನೀರು ಕುಡಿಯುವಷ್ಟು ಹೊತ್ತು ಅಲ್ಲಿ ನಿಂತು ವಾಪಸು ಬರುತ್ತಿದೆ.

ಸಹಿ/-
(ಸಹಿ ಮಾಡಬೇಕಾದವರು ರಜೆಯಲ್ಲಿರುವುದರಿಂದ ಪ್ರಭಾರದವರು;
ಪ್ರಭಾರದವರು ಸಭೆಯಲ್ಲಿರುವುದರಿಂದ ಅವರ ಪರವಾಗಿ)
ಉಪವಿಭಾಗ ಕಚೇರಿ, ಹುಣಸೂರು

ಪ್ರತಿಗಳು:
1. ಶ್ರೀ ಪುಟ್ಟಮಲ್ಲಪ್ಪ, ಕಟ್ಟೆಮಳಲವಾಡಿ. ಈಗ ಅನ್ವಯಿಸದಿದ್ದರೂ ಪಾಲನೆಗಾಗಿ.
2. ಶ್ರೀಮತಿ ಸರ್ವಮಂಗಳ. ಉಲ್ಲೇಖ (1) ಮತ್ತು (2) ಮುಕ್ತಾಯಗೊಂಡಿವೆ ಎಂಬ ಮಾಹಿತಿಗಾಗಿ. ಅವರು ಒಪ್ಪಿದಲ್ಲಿ.
3. ಶ್ರೀ ಸೋಮಶೇಖರ್, ಕ್ಷೇತ್ರ ಸಹಾಯಕರು. ಮೌನದ ಅವಧಿಯನ್ನು ಅಂದಾಜಿನ ಮೇಲಾದರೂ ಭರ್ತಿ ಮಾಡಿ ಕಳುಹಿಸಲು.
4. ಎರಡು ಅಡಿಯ ಅಪರಿಚಿತ ಪಾಲುದಾರರು. ವಿಳಾಸ ತಿಳಿದ ಮೇಲೆ.
5. ಕಂಟೇನರಿನ ಬಾಗಿಲಿಗೆ ಅಂಟಿಸಲು ಒಂದು ಪ್ರತಿ. ಅಂಟು ಕಚೇರಿಯಲ್ಲಿದೆ.
6. ಶ್ರೀಮತಿ ಜಮೀಲುನ್ನೀಸಾ, ಗಂಡ ರಜಾಕ್. ಹದಿನೆಂಟು ಅಡಿಯ ವಿಷಯ ಅವರಿಗೆ ಇನ್ನೂ ತಿಳಿದಿಲ್ಲವೆಂದು ರಜಾಕ್ ಅವರು ಖುದ್ದಾಗಿ ಬಂದು ತಿಳಿಸಿರುವುದರಿಂದ ಈ ಪ್ರತಿಯನ್ನು ತಡೆಹಿಡಿಯಲಾಗಿದೆ.