ಲ್ಯಾಪ್‌ಟಾಪ್ ಕರೆಂಟು ಕುಡಿದ ಮದುವೆ

ಉಪ್ಪಳದಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಕೆಲವು ವರ್ಷ ಆಯಿತು. ಗಿರಾಕಿಗಳ ಮಾತು ಕೇಳಿ ನಗು ಬರದ ದಿನ ಇಲ್ಲ. ಅವರ ಮುಖ ನೋಡಿದರೆ ನಗುವ ಹಾಗೂ ಇಲ್ಲ. ಮೊಗ್ರಾಲಿನ ಒಂದು ಮದುವೆಯ ವಿಡಿಯೋ ಉಳಿಸಲು ಹೋದಾಗಲಂತೂ ಆಗಾಗ ಒಳಕೋಣೆಗೆ ಹೋಗಿ ನಕ್ಕು ಬರಬೇಕಾಯಿತು.

ಹೊಗೆ

ಮದುವೆಯ ವಿಡಿಯೋ ಮಾಡುವ ಪರಿಚಯದವನೊಬ್ಬ ತನ್ನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ತಂದ. ಅದಕ್ಕೆ ಕೊಡಬೇಕಾದ್ದು ಹನ್ನೆರಡು ವೋಲ್ಟ್. ಇವ ಚುಚ್ಚಿದ್ದು ಲ್ಯಾಪ್‌ಟಾಪಿನ ಹತ್ತೊಂಬತ್ತು ವೋಲ್ಟಿನ ಅಡಾಪ್ಟರ್. ಯಾಕೆ ಎಂದು ಕೇಳಿದರೆ ಪಿನ್ನು ಸರಿಯಾಗಿ ಕೂತಿತು, ಆಮೇಲೆ ಹೊಗೆ ಬಂತು ಎಂದ. ಒಳಗಿದ್ದದ್ದು ಮೊಗ್ರಾಲಿನ ಹಾಜಿಯವರ ಮಗಳ ಮದುವೆಯಂತೆ. ಬೇರೆ ಕಾಪಿ ಇಲ್ಲ. ಮಗಳು ಗಂಡನ ಜೊತೆ ದುಬೈಗೆ ಹೋಗಿಯಾಗಿತ್ತು. ಅಲ್ಲಿಂದ ದಿನಾ ಫೋನ್ ಮಾಡಿ ವಿಡಿಯೋ ಕೇಳುತ್ತಿದ್ದಳಂತೆ.

"ಹೊಗೆ ಬರುವಾಗ ಎಂತ ಮಾಡಿದೆ?" ಎಂದು ಕೇಳಿದೆ.

"ಫೋಟೋ ತೆಗೆದೆ," ಎಂದು ಅವ ಕ್ಯಾಮರಾ ಮುಂದೆ ಹಿಡಿದ. "ಕಿಟಕಿಯ ಬೆಳಕು ಚಂದ ಬೀಳ್ತಾ ಇತ್ತು."

ಬೋರ್ಡು

ಮರುದಿನ ಹಾಜಿಯವರೇ ಬಂದರು. ಡಿಸ್ಕಿಗೆ ಏನೂ ಆದ ಹಾಗೆ ಕಾಣುವುದಿಲ್ಲ, ಸುಟ್ಟದ್ದು ಬೋರ್ಡು, ಅಂಥದೇ ಇನ್ನೊಂದು ಬೋರ್ಡು ಸಿಕ್ಕಿದರೆ ಮದುವೆ ನೋಡಬಹುದು ಎಂದು ಧೈರ್ಯ ಹೇಳಿದೆ. ಬೋರ್ಡು ಮನೆಯಲ್ಲೇ ಉಂಟಲ್ಲ ಎಂದು ಖುಷಿಯಲ್ಲಿ ಹೋದರು.

ಸಂಜೆ ಅಂಗಡಿಯ ಎದುರು ಒಂದು ಗೂಡ್ಸ್ ರಿಕ್ಷಾ ನಿಂತಿತು. ಮದುವೆಯ ದಿನ ಗೇಟಿಗೆ ಕಟ್ಟಿದ್ದ ಸ್ವಾಗತದ ಬೋರ್ಡನ್ನು ಹಾಜಿಯವರೂ ಡ್ರೈವರೂ ಸೇರಿ ಇಳಿಸಿದರು. ಅದು ಬಾಗಿಲಲ್ಲಿ ಹಿಡಿಯಲಿಲ್ಲ. ನಾನು ಒಳಕೋಣೆಗೆ ಹೋಗಿ ನಕ್ಕು ಬಂದೆ.

"ದೊಡ್ಡದಾದರೆ ಬದಿ ಕತ್ತರಿಸು ಮಾರಾಯ," ಎಂದರು ಹಾಜಿಯವರು. "ಅಕ್ಷರಕ್ಕೆ ತಾಗಬಾರದು, ಅಷ್ಟೆ."

ಊಟದ ಹಾಲ್

ಆಮೇಲೆ ಡಿಸ್ಕಿನ ಅಡಿಯ ಹಸಿರು ಬೋರ್ಡನ್ನು ಭೂತಕನ್ನಡಿ ಹಿಡಿದು ನೋಡಿದರೆ, ಹೆಚ್ಚಿನ ಕರೆಂಟಿಗೆ ಅಡ್ಡ ನಿಂತು ಸಾಯಲಿಕ್ಕೆಂದೇ ಇಟ್ಟ ಅಕ್ಕಿಕಾಳಿನಷ್ಟು ಸಣ್ಣ ಒಂದು ಡಯೋಡ್ ಮಾತ್ರ ಸುಟ್ಟಿತ್ತು. ಅದನ್ನು ಕಿತ್ತು ಸರಿಯಾದ ಅಡಾಪ್ಟರ್ ಕೊಟ್ಟೆ. ಡಿಸ್ಕ್ ತಿರುಗಿತು. ಮೊದಲು ಎಲ್ಲವನ್ನೂ ಕಾಪಿ ಮಾಡಿ, ಹಾಜಿಯವರಿಗೆ ಫೋನ್ ಮಾಡಿದೆ. ಹೆಂಡತಿಯನ್ನು ಕರೆದುಕೊಂಡು ಬಂದು ಕೂತರು. ವಿಡಿಯೋದವ ಹಿಂದೆ ನಿಂತ.

ಪರದೆಯಲ್ಲಿ ಮದುಮಗಳು ಕಾಣಿಸಿದಳು. ಇದು ನಮ್ಮ ಮಗಳಲ್ಲ ಎಂದರು ತಾಯಿ. ಮೇಕಪ್ಪಿನಲ್ಲಿ ಎಲ್ಲರೂ ಹಾಗೆಯೇ ಎಂದು ಹಾಜಿಯವರು ಸಮಾಧಾನ ಹೇಳಿದರು. ಅಷ್ಟರಲ್ಲಿ ಮದುಮಗ ಬಂದ. ಅಳಿಯನೂ ಬೇರೆ ಎಂದರು ತಾಯಿ.

ಎಲ್ಲರೂ ವಿಡಿಯೋದವನ ಕಡೆ ತಿರುಗಿದೆವು. ಅವನಲ್ಲಿ ಒಂದೇ ನಮೂನೆಯ ಎರಡು ಡಿಸ್ಕ್ ಇತ್ತಂತೆ. ಇದು ಬದಿಯಡ್ಕ ಕಡೆಯ ಯಾರದೋ ಮದುವೆ. ಹಾಜಿಯವರದ್ದು ಸ್ಟುಡಿಯೋದ ಕಪಾಟಿನಲ್ಲಿ ಭದ್ರವಾಗಿ ಉಂಟಂತೆ.

ಬೈಗುಳ ಶುರುವಾಗುವಷ್ಟರಲ್ಲಿ ಪರದೆಯಲ್ಲಿ ಊಟದ ಹಾಲ್ ಬಂತು. ಮೊದಲ ಸಾಲಿನಲ್ಲಿ, ಬಿರಿಯಾನಿಯ ಎದುರು, ಸಾಕ್ಷಾತ್ ಹಾಜಿಯವರೇ. ಆ ಮದುವೆಗೂ ಹೋಗಿದ್ದರಂತೆ. ಕುರ್ಚಿ ಮುಂದೆ ಎಳೆದುಕೊಂಡು, ಪರದೆಯಲ್ಲಿ ತಾವು ಉಂಡು ಕೈತೊಳೆಯಲು ಏಳುವವರೆಗೂ ರೆಪ್ಪೆ ಮುಚ್ಚದೆ ನೋಡಿದರು. ಮತ್ತೆ ವಿಡಿಯೋದವನಿಗೆ ಮೆಲ್ಲ ಹೇಳಿದರು:

"ನಮ್ಮ ಮನೆಯ ಮದುವೆಯಲ್ಲಿ ನನಗೆ ಕೂತು ಉಣ್ಣಲಿಕ್ಕೇ ಆಗಲಿಲ್ಲ. ಮಗಳಿಗೆ ಇದನ್ನೇ ಕಳಿಸು."