ಎಂಜಿನ್ನಿಗೆ ಗೊತ್ತಿದ್ದ ಕೇರಿ

ಬಿ.ಕಾಂ. ಓದಿ ಅಕೌಂಟೆಂಟ್ ಕೆಲಸ ಕೇಳಿದ್ದ ಅಕ್ಷಿತಾಳನ್ನು 'ಕಾಯಕ' ಆ್ಯಪ್ ಸಾಸ್ತಾನದ ಮದುವೆ ಹಾಲ್‌ನಲ್ಲಿ ಎಂಜಲೆಲೆ ಎತ್ತಲು ನೇಮಿಸಿತು.

ಆ ಆ್ಯಪ್ ಕಟ್ಟಿದವನು ಸುಶಾಂತ್. ಬೆಳಿಗ್ಗೆ ಕೋಟೇಶ್ವರದ ಆಫೀಸಿಗೆ ಅವಳ ಫೋನ್ ಬಂದಾಗ ಅವನ ಬಾಯಲ್ಲಿದ್ದ ಚಾ ಅಲ್ಲೇ ತಣ್ಣಗಾಯಿತು. ಹೈಸ್ಕೂಲಿನಲ್ಲಿ ಜೊತೆಗೆ ಓದಿದವಳು. ಹೆಸರು ಹಾಕು ಎಂದು ಬೆನ್ನು ಬಿದ್ದವನೂ ಇವನೇ.

"ನೀ ಹೇಳ್ದೆ ಅಂದೇಳಿ ಹೆಸ್ರ್ ಹಾಕ್ದೆ ಮಾರಾಯ," ಎಂದಷ್ಟೇ ಹೇಳಿ ಫೋನಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಆ್ಯಪ್‌ನ ಸರ್ಚ್ ಎಂಜಿನ್ ಮೊದಲು ಪದಕ್ಕೆ ಪದ ಹೋಲಿಸಿ ಕೆಲಸ ಹುಡುಕುತ್ತಿತ್ತು. ಧಣಿ ರವಿರಾಜರಿಗೆ ಎಐ ಬೇಕೆನಿಸಿತು. ಸುಶಾಂತ್ ಅದೇ ಎಂಜಿನ್ನನ್ನು ವೆಕ್ಟರ್ ಡೇಟಾಬೇಸ್ ಮಾಡಿದ. ಅಂದರೆ, ಪ್ರತಿಯೊಬ್ಬರ ವಿವರವೂ ಅಂಕಿಗಳ ಸಾಲಾಗುತ್ತದೆ. ಅರ್ಥದಲ್ಲಿ ಹತ್ತಿರದವು ಅಕ್ಕಪಕ್ಕ ಕೂರುತ್ತವೆ, ಊಟದ ಪಂಕ್ತಿಯಲ್ಲಿ ನೆಂಟರು ನೆಂಟರ ಪಕ್ಕ ನುಗ್ಗಿ ಕೂತ ಹಾಗೆ. ಅಪ್ಪನ ಹೆಸರು, ಕೇರಿಯ ಹೆಸರು ಎಲ್ಲವನ್ನೂ ತುಂಬಿಸು ಎಂದವರು ರವಿರಾಜ್. ಹಾಲ್ ಕೂಡ ಅವರದೇ. ಅಲ್ಲಿ ಇಷ್ಟು ವರ್ಷ ಎಲೆ ಎತ್ತಿದವರ ವಿವರಗಳೂ ಒಳಗೆ ಹೋದವು. ಅವರೆಲ್ಲ, ಎಂಜಲೆತ್ತುವುದೇ ನಿಮ್ಮ ಪಾಲು ಎಂದು ಊರು ದೂರವಿಟ್ಟ ಕೊರಗರ ಕಾಲೋನಿಯವರು. ಅಕ್ಷಿತಾಳ ಮನೆಯೂ ಅಲ್ಲೇ. ಎಂಜಿನ್ ಅವಳ ಡಿಗ್ರಿಯನ್ನು ಮೂಸಿಯೂ ನೋಡಲಿಲ್ಲ. ಮನುಷ್ಯರು ನೂರಾರು ವರ್ಷ ಕೂತು ರೂಢಿಸಿದ್ದನ್ನು ಅದು ಒಂದೇ ವಾರದಲ್ಲಿ ಕಲಿತಿತ್ತು.

"ಮೆಷಿನ್ನಿಗ್ ಎಂತ ಜಾತಿಯಾ?" ಎಂದು ನಕ್ಕರು, ದೂರು ಕೇಳಿದ ರವಿರಾಜ್. ಸುಶಾಂತ್ ತನ್ನದೇ ವಿವರ ಹಾಕಿ, ವಿಳಾಸ ಮಾತ್ರ ಆ ಕಾಲೋನಿಯದು ಕೊಟ್ಟು ತೋರಿಸಿದ. ಇಂಜಿನಿಯರನಿಗೂ ಎಲೆ ಎತ್ತುವ ಕೆಲಸವೇ ಬಂತು. ಪಕ್ಕದ ಮೇಜಿನ ನಿಖಿತಾ, ಎಲೆ ತುಂಬುವ ಬುಟ್ಟಿ ಮನೆಯಿಂದಲೇ ಒಯ್ಯಬೇಕೋ ಎಂದು ವಿಚಾರಿಸಿದಳು. ಆಫೀಸು ಗೊಳ್ಳೆಂದಿತು. ಸುಳ್ಳು ವಿಳಾಸ ಕೊಟ್ಟರೆ ಇನ್ನೇನಾಗುತ್ತದೆ, ನಾಳೆಯ ಮದುವೆಗೆ ಜನ ಕಮ್ಮಿಯಿದೆ, ಬಾಯಿ ಮುಚ್ಚಿ ಕೂರು ಎಂದು ಗದರಿ ರವಿರಾಜ್ ಊಟಕ್ಕೆ ಹೋದರು.

ಅವರ ಕಾರು ಮರೆಯಾದದ್ದೇ ಸುಶಾಂತ್ ಅಪ್ಪನ ಹೆಸರನ್ನೂ ಕೇರಿಯ ಹೆಸರನ್ನೂ ಕಿತ್ತೆಸೆದ. ಓದು, ಅನುಭವ ಎರಡನ್ನೇ ಉಳಿಸಿ ಎಂಜಿನ್ನಿಗೆ ಹೊಸದಾಗಿ ತುಂಬಿದ.

ಸಂಜೆಯೊಳಗೆ ಅಕ್ಷಿತಾ ಸರ್ಟಿಫಿಕೇಟುಗಳ ಫೈಲ್ ಹಿಡಿದು ಬಂದಳು. ಇದೇ ಆಫೀಸಿನಲ್ಲಿ ಖಾಲಿಯಿದ್ದ ಅಕೌಂಟೆಂಟ್ ಕೆಲಸಕ್ಕೆ ಆ್ಯಪ್ ಅವಳನ್ನು ಕರೆದಿತ್ತು. ಸುಶಾಂತ್ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿದ.

ಆಗಲೇ ರವಿರಾಜ್ ಫೋನ್ ಎತ್ತಿ ಹಿಡಿದು, ಅದರಲ್ಲಿದ್ದುದನ್ನು ಗಟ್ಟಿಯಾಗಿ ಓದುತ್ತ ಕ್ಯಾಬಿನ್ನಿನಿಂದ ಹೊರಬಂದರು. ನಾಳೆ ಹಾಲ್‌ಗೆ ಎಲೆ ಎತ್ತಲು ಬರಬೇಕೆಂದು ಅವರಿಗೇ ಕರೆ ಬಂದಿತ್ತು. ಉಳಿದವರಿಗೆ ಮಾದರಿಯಾಗಲೆಂದು ಅವರು ತಮ್ಮ ಬದುಕನ್ನೂ ಆ್ಯಪ್‌ಗೆ ಹಾಕಿದ್ದರು: ಮುಂಬಯಿಯ ಹೋಟೆಲಿನಲ್ಲಿ ವರ್ಷಗಟ್ಟಲೆ ಎಂಜಲು ತಟ್ಟೆ ಎತ್ತಿ, ಮೇಜು ಒರೆಸಿ ಮೇಲೆ ಬಂದವನು ನಾನು ಎಂದು. ಸನ್ಮಾನವಾದಲ್ಲೆಲ್ಲ ಅವರು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದ ಮಾತದು. ಕೇರಿ ಕಾಣದ ಎಂಜಿನ್ನಿಗೆ, ಹಾಲ್‌ನ ಹಳಬರನ್ನು ಬಿಟ್ಟರೆ, ಇಡೀ ಸೀಮೆಯಲ್ಲಿ ಅವರಷ್ಟು ಅನುಭವಸ್ಥರು ಸಿಕ್ಕಿರಲಿಲ್ಲ.

"ಹ್ವಾಯ್, ಮುಂಚಿನ ಹಾಂಗೇ ಮಾಡ್ ಇದನ್ನ. ಇಲ್ದಿರೆ ನಾಳೆ ಬುಟ್ಟಿ ಹಿಡ್ಕಂಡ್ ನೀ ಹೋಯ್ಕ್," ಎಂದು ಸುಶಾಂತನ ಮೇಲೆ ಹರಿಹಾಯ್ದರು.

ಸುಶಾಂತ್ ಅಕ್ಷಿತಾಳ ಮುಖ ನೋಡಲಿಲ್ಲ. ಅವನ ಬೆರಳುಗಳು ಓಡಿದವು. ಕೇರಿಯ ಹೆಸರು ಮತ್ತೆ ಎಂಜಿನ್ನಿನ ಹೊಟ್ಟೆ ಸೇರಿತು. ಸ್ವಲ್ಪ ಹೊತ್ತಿಗೆ ಅವಳ ಕೈಯಲ್ಲಿದ್ದ ಫೋನ್ ಗುಂಯ್ ಎಂದಿತು: ಮತ್ತೆ ಎಲೆ ಎತ್ತುವ ಕರೆ.

ನಾಳೆ ಒಂದು ದಿನ ಹಾಲ್‌ಗೆ ಹೋಗಿ ಬಾ, ಇಲ್ಲಿಯ ಕೆಲಸದ ಮಾತು ಆಮೇಲೆ ನೋಡುವ ಎಂದರು ರವಿರಾಜ್, ಉಪಕಾರ ಮಾಡುವವರ ದನಿಯಲ್ಲಿ.

ಅಕ್ಷಿತಾ ಅಕೌಂಟೆಂಟಿನ ಖಾಲಿ ಕುರ್ಚಿ ಎಳೆದು ಕೂತಳು. ಫೈಲನ್ನು ಮೇಜಿನ ಮೇಲಿಟ್ಟಳು.

"ತಟ್ಟೆ ಎತ್ತಿ ಅನುಭವ ಇದ್ದದ್ ನಿಮ್ಗೆ. ನಾ ಹೋತಿಲ್ಲೆ."

ಏಳು ಎಂದರು ರವಿರಾಜ್. ಅವಳು ಏಳಲಿಲ್ಲ.