ನನ್ನ ಜೋಗುಳ, ಸೊಸೆಯ ಹೆಸರಿಗೆ

ನಮ್ಮ ಮನೆಯ ಬೆಕ್ಕು ನನ್ನ ಮೈದುನನ ಅಪ್ಪಣೆಯಿಲ್ಲದೆ ಮಿಯಾಂವ್ ಅನ್ನುವುದಿಲ್ಲ! ಸುಳ್ಳೆಂದುಕೊಂಡಿರಾ? ಸುರಪುರಕ್ಕೆ ಬಂದು ನೋಡಿ. ಶಹಾಪುರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ ಈ ಮಹಾರಾಯ ಮನೆಯ ಪ್ರತಿ ವಸ್ತುವಿಗೂ ಒಬ್ಬ ಮಾಲೀಕನನ್ನು ನೇಮಿಸಿದ್ದಾನೆ. ತನ್ನ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಗೆ 'ನೋಡಬಹುದು, ಮುಟ್ಟಬಾರದು' ಎಂದು ಚೀಟಿ ಅಂಟಿಸಿದ್ದ. ನನಗೆ ಓದು ಅಷ್ಟಕ್ಕಷ್ಟೆ. ಸಂಜೆಯೊಳಗೆ ಡಬ್ಬಿ ಖಾಲಿ, ಚೀಟಿ ಮಾತ್ರ ಹಾಗೇ ಇತ್ತು!

ನನ್ನ ಗಂಟಲು ಕೆಡುವ ಮೊದಲು ನನ್ನ ಜೋಗುಳಗಳನ್ನೆಲ್ಲ ಅವನೇ ನನ್ನನ್ನು ಕೂರಿಸಿಕೊಂಡು ಹಾಡಿಸಿ ಕಂಪ್ಯೂಟರಿಗೆ ತುಂಬಿಸಿದ್ದ. ಅದರಲ್ಲಿ ಮೊದಲ ಖಾತೆ ಅವನದು, ಎರಡನೆಯದು ನನ್ನದು. ನನ್ನ ಹಾಡಿಗೆ ನಾನೇ ಮಾಲೀಕಳು, ಬೇರೆ ಯಾರೂ ತೆರೆಯುವಂತಿಲ್ಲ. ಆಮೇಲೆ ಗಂಟಲಿನ ಆಪರೇಷನ್ ಆಯಿತು. ಈಗ ನಾನು ಬಾಯಿ ತೆರೆದರೆ ಹಳೆಯ ಬಾಗಿಲು ತೆರೆದಂತೆ ಕೇಳುತ್ತದೆ.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ನಮ್ಮಲ್ಲಿ ಅಜ್ಜಿ ಹಾಡದೆ ಯಾರೂ ತೊಟ್ಟಿಲು ತೂಗುವುದಿಲ್ಲ. ಹಳೆಯ ಕಂಪ್ಯೂಟರ್ ಅಷ್ಟರಲ್ಲಿ ಸತ್ತಿತ್ತು. ಮೈದುನ ಅದರ ಡಿಸ್ಕು ಬಿಚ್ಚಿ, ಅದರಂತೆಯೇ ಲಿನಕ್ಸ್ ಇರುವ ಹೊಸ ಕಂಪ್ಯೂಟರಿಗೆ ಜೋಡಿಸಿದ. ಹಾಡುಗಳು ಕಾಣುತ್ತಿವೆ, ತೆರೆಯುತ್ತಿಲ್ಲ. ಅಪ್ಪಣೆ ಇಲ್ಲವಂತೆ!

"ವೈನಿ, ಇವು ಈಗ ನಿಮ್ಮವಲ್ರಿ. ನಿಮ್ಮ ಸೊಸಿವು," ಎಂದು ನಕ್ಕ.

ಹಾಡಿದವಳು ನಾನು, ಅವಳವು ಹೇಗಾದವು? ಡಿಸ್ಕು ಮಾಲೀಕರ ಹೆಸರನ್ನು ಇಟ್ಟುಕೊಳ್ಳುವುದಿಲ್ಲವಂತೆ, ನಂಬರನ್ನಷ್ಟೇ ಇಟ್ಟುಕೊಳ್ಳುತ್ತದಂತೆ. ಆ ನಂಬರು ಖಾತೆ ತೆರೆದ ಸರದಿಯಂತೆ ಬರುತ್ತದಂತೆ. ಹೊಸ ಕಂಪ್ಯೂಟರಿನಲ್ಲಿ ಎರಡನೆಯ ಖಾತೆ ಸೊಸೆಯದು. ನನ್ನ ನಂಬರು ಅವಳಿಗೆ ಹೋಗಿತ್ತು! ನೀನೇ ತೆರೆಯಪ್ಪ ಎಂದೆ. ಎಲ್ಲ ಬೀಗಕ್ಕೂ ಹೊಂದುವ ದೊಡ್ಡ ಕೀಲಿ ತನ್ನಲ್ಲಿದೆ, ಆದರೆ ಮಾಲೀಕಳು ಮನೆಯಲ್ಲೇ ಇರುವಾಗ ಅದನ್ನು ತಿರುಗಿಸುವುದು ಮರ್ಯಾದೆಯಲ್ಲ ಎಂದ. ಹೊರಗೆ ಬೀಗರು ಕಾಯುತ್ತಿದ್ದಾರೆ, ಇವನಿಗೆ ಮರ್ಯಾದೆಯ ಚಿಂತೆ!

ನನ್ನ ಹಾಡನ್ನೇ ಬೇಡಿಕೊಂಡು ಸೊಸೆಯ ಹತ್ತಿರ ಹೋದೆ. ಅವಳು ಕೂಸನ್ನು ಎತ್ತಿಕೊಂಡೇ ಬಂದು ಪಾಸ್‌ವರ್ಡ್ ಒತ್ತಿದಳು. ನನ್ನ ಹಳೆಯ ಗಟ್ಟಿ ದನಿ ಪಡಸಾಲೆ ತುಂಬಿತು, ತೊಟ್ಟಿಲು ತೂಗಿತು.

ಊಟ ಮುಗಿದ ಮೇಲೆ ಮೈದುನ ಬಂದ. ನನಗೊಂದು ಖಾತೆ ತೆರೆದು, ಒಂದು ಕಮಾಂಡ್ ಕೊಟ್ಟರೆ ಹಾಡುಗಳು ಮತ್ತೆ ನನ್ನ ಹೆಸರಿಗೆ ಬರುತ್ತವೆ, ಬದಲಿಸಲೇ ಎಂದು ಕೇಳಿದ. ಒಳಗೆ ಸೊಸೆ ಅದೇ ಹಾಡು ಹಚ್ಚಿಕೊಂಡು, ನನ್ನ ದನಿಯ ಹಿಂದೆಯೇ ಹಾಡುತ್ತಿದ್ದಳು. ತಪ್ಪುತ್ತಿದ್ದಳು, ಮತ್ತೆ ಹಿಡಿಯುತ್ತಿದ್ದಳು.

"ಬ್ಯಾಡ ಬಿಡು," ಅಂದೆ. "ಅಕಿ ಹೆಸರಿಗೇ ಇರ್ಲಿ."

ಅವನು ಅಂದು ಕೂರಿಸಿಕೊಂಡು ಹಾಡಿಸದಿದ್ದರೆ ನನ್ನ ದನಿ ಯಾರ ಹೆಸರಿಗೂ ಉಳಿಯುತ್ತಿರಲಿಲ್ಲ. ಅವನೆದುರು ಇದನ್ನು ನಾನು ಹೇಳಿಲ್ಲ. ಆದರೆ ಈಗ ಹಿಂಡಿಯ ಡಬ್ಬಿಗೆ ಕೈ ಹಾಕುವ ಮೊದಲು ಅವನನ್ನೊಂದು ಮಾತು ಕೇಳುತ್ತೇನೆ.